ಸೀಶೆಲ್ಸ್ ವಾರ್ಬ್ಲರ್ ತಾನೇ ಹಾರಿ ಹೋಗಿದ್ದಲ್ಲ

ಹಿಂದೂ ಮಹಾಸಾಗರದ ಸೀಶೆಲ್ಸ್ ದ್ವೀಪಗಳಲ್ಲಿರೋ ಪುಟ್ಟ ಹಕ್ಕಿ ಸೀಶೆಲ್ಸ್ ವಾರ್ಬ್ಲರ್. ಒಂದೇ ದ್ವೀಪದಲ್ಲಿದ್ದ ಈ ಹಕ್ಕಿ ಈಗ ಐದು ದ್ವೀಪದಲ್ಲಿದೆ ಅಂದ್ರೆ ತಾನೇ ಹಾರಿಹೋಯ್ತಾ ಅಂತ ಕೇಳಿದೀರಲ್ಲ, ಇಲ್ಲ ಸರ್, ಜನಾನೇ ಹಿಡಿದು ಸಾಗಿಸಿದ್ದು. ಇದೇ ಬಳಗದ ಬ್ಲೈತ್ಸ್ ರೀಡ್ ವಾರ್ಬ್ಲರ್ ಸಾವಿರಾರು ಕಿಲೋಮೀಟರ್ ಹಾರಿ ಚಳಿಗಾಲಕ್ಕೆ ನಮ್ಮೂರ ಪೊದೆಗೆ ಬರುತ್ತೆ, ಇದು ಮಾತ್ರ ಕಣ್ಣಿಗೆ ಕಾಣೋ ಪಕ್ಕದ ದ್ವೀಪಕ್ಕೂ ಸಮುದ್ರ ದಾಟಿ ಹೋಗೋದು ಬಹಳ ಅಪರೂಪ.

1968ರಲ್ಲಿ ಕಸಿನ್ ಅನ್ನೋ ಪುಟ್ಟ ದ್ವೀಪದಲ್ಲಿ ಉಳಿದಿದ್ದು ಮೂವತ್ತಕ್ಕಿಂತ ಕಮ್ಮಿ ಹಕ್ಕಿ, ಯಾಕಂದ್ರೆ ಕಾಡು ಕಡಿದು ದ್ವೀಪ ತುಂಬಾ ತೆಂಗು ಹಾಕಿದ್ರು, ಈ ಹಕ್ಕಿಗೋ ಅಗಲ ಎಲೆ ಬೇಕು, ಕತ್ತೆತ್ತಿ ಎಲೆ ಅಡಿಭಾಗ ನೋಡ್ಕೊಂಡು ಅಲ್ಲಿರೋ ಹುಳ ಹೆಕ್ಕಿ ತಿನ್ನುತ್ತೆ. ತೆಂಗು ತೆಗೆದು ಅಗಲ ಎಲೆಯ ಪಿಸೋನಿಯಾ ಮರಗಳಿಗೆ ಜಾಗ ಬಿಟ್ಟ ಮೇಲೆ ಸಂಖ್ಯೆ 300 ದಾಟ್ತು, ದ್ವೀಪಾನೇ ಸಾಲದಾಯ್ತು.

ಆಮೇಲೆ ಬೇರೆ ದ್ವೀಪಗಳಿಗೆ ಸಾಗಿಸಿದ್ರು: 1988ರಲ್ಲಿ 29 ಹಕ್ಕೀನ ಅರೀಡ್‌ಗೆ, 1990ರಲ್ಲಿ ಕಸೀನ್‌ಗೆ (ಹೆಸರು ಹತ್ರಹತ್ರ, ದ್ವೀಪ ಬೇರೆ), 2004ರಲ್ಲಿ ಡೆನಿಸ್‌ಗೆ, 2011ರಲ್ಲಿ ಫ್ರೆಗೇಟ್‌ಗೆ ಬಿಟ್ರು. ಅರೀಡಲ್ಲಿ ಹುಳ ಎಷ್ಟಿತ್ತಂದ್ರೆ ವರ್ಷಪೂರ್ತಿ ಗೂಡು ಕಟ್ಟಿದ್ವು! ನನಗಂತೂ ಇದನ್ನ ಓದಿದಾಗೆಲ್ಲ ಮನಸ್ಸು ತುಂಬಿ ಬರುತ್ತೆ.