ಕರಾವಳಿಗೂ ಹೋಗಬೇಕು, ಅವರೆಯೂ ತಪ್ಪಬಾರದು

ಓದುಗರ ಪತ್ರ: "ಕಳೆದ ಸಂಚಿಕೆಯ ಕರಾವಳಿ ಲೇಖನದಲ್ಲಿ ಹದಿನಾಲ್ಕು ಊರುಗಳ ಹೆಸರಿತ್ತು. ನಮಗೆ ಸಿಗುವುದು ನಾಲ್ಕೇ ದಿನ. ಜೊತೆಗೆ ಎಪ್ಪತ್ತು ದಾಟಿದ ಅತ್ತೆ, ಇಬ್ಬರು ಮಕ್ಕಳು. ಅತ್ತೆ ಧನುರ್ಮಾಸದಲ್ಲಿ ಮೀನು ಮುಟ್ಟುವುದಿಲ್ಲ, ಯಜಮಾನರಿಗೆ ಮೀನು ಬೇಕೇ ಬೇಕು. ಸಂಕ್ರಾಂತಿಗೆ ಮೊದಲು ಮನೆ ಸೇರಿ ಎಳ್ಳು ಬೀರಬೇಕು. ಅವರೆಕಾಯಿ ಕಾಲವೂ ಇದೇ. ಯಾವ ಊರಿಗೆ ಹೋಗಲಿ? ಬರುವಾಗ ಮೀನು ತರಬಹುದೇ?" (ಮಂಡ್ಯದ ಓದುಗರೊಬ್ಬರು)

ಸಂಪಾದಕರ ಉತ್ತರ:

ಹದಿನಾಲ್ಕು ಊರುಗಳ ಪಟ್ಟಿಯನ್ನು ಪಕ್ಕಕ್ಕಿಡಿ. ವಯಸ್ಸಾದವರನ್ನೂ ಮಕ್ಕಳನ್ನೂ ಕರೆದುಕೊಂಡು ನಾಲ್ಕು ದಿನಕ್ಕೆ ಹೊರಟವರು ಒಂದೇ ಊರಲ್ಲಿ ಉಳಿಯುವುದು ಮೇಲು. ದಿನಕ್ಕೊಂದು ಲಾಡ್ಜ್ ಬದಲಿಸಿದರೆ ಅರ್ಧ ದಿನ ಚೀಲ ಕಟ್ಟುವುದರಲ್ಲೇ ಕಳೆಯುತ್ತದೆ. ಜೊತೆಗೆ ಕರಾವಳಿಯ ಸಣ್ಣ ಊರುಗಳು ಹೊತ್ತಿಗೆ ಸರಿಯಾಗಿ ನಡೆಯುತ್ತವೆ. ಮೀನು ಬರುವ ಹೊತ್ತು, ಊಟ ಮುಗಿಯುವ ಹೊತ್ತು, ನೀರು ಇಳಿಯುವ ಹೊತ್ತು ತಿಳಿಯಲು ಒಂದು ದಿನವಾದರೂ ಬೇಕು. ಎರಡನೇ ದಿನದಿಂದಲೇ ಊರು ನಿಮಗೆ ಒದಗುವುದು.

ನಮ್ಮ ಸಲಹೆ ಕುಂದಾಪುರ. ಬೆಂಗಳೂರು–ಮುರ್ಡೇಶ್ವರ ಎಕ್ಸ್‌ಪ್ರೆಸ್ ಮಂಡ್ಯ, ಮೈಸೂರು ಮಾರ್ಗವಾಗಿಯೇ ಹೋಗುತ್ತದೆ. ರಾತ್ರಿ ಹತ್ತಿ ಮಲಗಿದರೆ ಮರುದಿನ ಮಧ್ಯಾಹ್ನದೊಳಗೆ ಕುಂದಾಪುರ. ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಡಿಸೆಂಬರ್ ಕೊನೆಯ ವಾರಕ್ಕೆ ತಡ ಮಾಡಿದರೆ ವೇಟಿಂಗ್ ಲಿಸ್ಟೇ ಗತಿ. ಒಂದು ಮಾತು ಗಮನಿಸಿ: ಹಿರಿಯರಿಗೆ ಕೆಳಗಿನ ಬರ್ತ್ ಕೊಡುವ ಕೋಟಾ ಒಂದು ಟಿಕೆಟ್‌ನಲ್ಲಿ ಇಬ್ಬರಿಗಿಂತ ಹೆಚ್ಚು ಜನ ಇದ್ದರೆ ಅನ್ವಯಿಸುವುದಿಲ್ಲ. ಐವರನ್ನೂ ಒಂದೇ ಟಿಕೆಟ್‌ಗೆ ಸೇರಿಸಿ, ಕೊನೆಗೆ ಅತ್ತೆಯವರಿಗೆ ಮೇಲಿನ ಬರ್ತ್ ಬಂತೆಂದು ಪರದಾಡುವವರು ಬಹಳ. ಅವರೊಬ್ಬರ ಟಿಕೆಟನ್ನು ಬೇರೆಯಾಗಿ, ಆ ಕೋಟಾದಲ್ಲೇ ಮಾಡಿಸಿ. ಕುಂದಾಪುರದ ನಿಲ್ದಾಣ ಮೂಡ್ಲಕಟ್ಟೆಯಲ್ಲಿದೆ, ಪೇಟೆಗೆ ಆಟೋ ಹಿಡಿಯಬೇಕು.

ಸ್ವೆಟರ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ನಮ್ಮ ಕಡೆ ಜನವರಿಯ ಬೆಳಗ್ಗೆ 16–17 ಡಿಗ್ರಿ ಇರುವಾಗ ಅಲ್ಲಿ ಮಧ್ಯಾಹ್ನ 32 ದಾಟುತ್ತದೆ, ರಾತ್ರಿಯೂ 20ರ ಆಸುಪಾಸು. ಸ್ವೆಟರ್ ರೈಲಿಗೆ ಸಾಕು. ಅಲ್ಲಿಗೆ ಹತ್ತಿ ಬಟ್ಟೆ, ಕೊಡೆ, ನೀರು. ಹನ್ನೊಂದರಿಂದ ಮೂರೂವರೆವರೆಗೆ ಅತ್ತೆಯವರನ್ನು ಬಿಸಿಲಿಗೆ ಕರೆದೊಯ್ಯಬೇಡಿ.

ಕಡಲ ತೀರಕ್ಕೆ ಹೋಗುವ ಮುನ್ನ ಕ್ಯಾಲೆಂಡರಿನಲ್ಲಿ ತಿಥಿ ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ತುಂಬಾ ಮೇಲೇರುತ್ತದೆ, ಇಳಿತ ತುಂಬಾ ಕೆಳಗಿಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ವ್ಯತ್ಯಾಸ ಕಡಿಮೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಇವತ್ತಿನದಕ್ಕಿಂತ ನಾಳೆಯದು ಸುಮಾರು 50 ನಿಮಿಷ ತಡ. ಇಷ್ಟು ತಿಳಿದಿದ್ದು, ಮೊದಲ ದಿನ ಯಾವುದಾದರೂ ಮೀನುಗಾರರನ್ನು "ಇಳಿತ ಎಷ್ಟೊತ್ತಿಗೆ?" ಎಂದು ಕೇಳಿಕೊಂಡರೆ ಉಳಿದ ದಿನಗಳ ಲೆಕ್ಕ ನೀವೇ ಹಾಕಬಹುದು. ಐದು ನದಿಗಳು ಕೂಡಿದ ಪಂಚಗಂಗಾವಳಿ ಕಡಲು ಸೇರುವ ಕೋಡಿ–ಗಂಗೊಳ್ಳಿ ಅಳಿವೆಯಲ್ಲಿ ಮಕ್ಕಳನ್ನು ನೀರಿಗಿಳಿಸಲೇಬೇಡಿ. ಚಳಿಗಾಲದಲ್ಲಿ ಕಡಲು ಶಾಂತವಾಗಿ ಕಾಣುತ್ತದೆ ನಿಜ, ಆದರೆ ಇಳಿತದ ಹೊತ್ತಿಗೆ ಅಷ್ಟೂ ನದಿಗಳ ನೀರು ಅದೊಂದೇ ಬಾಯಿಂದ ಹೊರಗೆ ಎಳೆಯುತ್ತದೆ. ಮರವಂತೆಯಲ್ಲೂ ಇಳಿಯಬೇಡಿ, ದಡ ಕಡಿದಾಗಿದೆ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ 66. ಅದನ್ನು ನೋಡಲು ಸಂಜೆ ಐದೂವರೆಗೆ ಹೋಗಿ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಆರು ಹತ್ತರ ಸುಮಾರಿಗೆ ಮುಳುಗುತ್ತಾನೆ.

ಒಂದು ದಿನ ಹೊನ್ನಾವರಕ್ಕೆ ಹೋಗಿಬನ್ನಿ. ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ಕಾಲುದಾರಿ ಇದೆ, ಅತ್ತೆಯವರೂ ನಿಧಾನವಾಗಿ ನಡೆಯಬಹುದು. ಇಳಿತದಲ್ಲಿ ಹೋದರೆ ಕೆಸರಿನಿಂದ ಮೇಲೆದ್ದ ಉಸಿರುಬೇರುಗಳು, ಅವುಗಳ ನಡುವೆ ಓಡುವ ಏಡಿಗಳು ಮಕ್ಕಳಿಗೆ ಕಾಣುತ್ತವೆ. ಉಬ್ಬರದಲ್ಲಿ ಬರೀ ನೀರು. ಕಡಲಲ್ಲಿ ಕಾಲು ತೋಯಿಸಬೇಕಿದ್ದರೆ ಅಲ್ಲೇ ಹತ್ತಿರದ ಕಾಸರಕೋಡು ಬೀಚ್ ಒಳ್ಳೆಯದು; ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ತೀರ ಅದು. ಇತಿಹಾಸದಲ್ಲಿ ಆಸಕ್ತಿ ಇದ್ದರೆ ಕುಂದಾಪುರದ ಪಕ್ಕದ ಬಸ್ರೂರಿಗೆ ಒಂದು ಬೆಳಗ್ಗೆ ಸಾಕು: 1665ರಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ದಾಳಿ ಮಾಡುವಷ್ಟು ಸಿರಿವಂತ ಬಂದರು ಇದು ಎಂದು ಈಗಿನ ನಿಶ್ಶಬ್ದ ಕೇರಿಗಳನ್ನು ನೋಡಿದರೆ ನಂಬಲಾಗದು.

ಊಟದ ವಿಷಯ. ಮೀನೂಟದ ಸಣ್ಣ ಹೋಟೆಲುಗಳಿಗೆ ಮಧ್ಯಾಹ್ನ ಒಂದರೊಳಗೆ ಹೋಗಿ. ಬೆಳಗ್ಗೆ ತಂದ ಮೀನು ಮುಗಿದರೆ ಮುಗಿಯಿತು. ಎರಡೂವರೆಗೆ ಹೋದವರಿಗೆ ಸಿಗುವುದು ಫ್ರಿಜ್ಜಿನದು. ಕಾಣೆ ಮೀನು ಇದ್ದರೆ ರವಾ ಫ್ರೈ, ಬಂಗುಡೆ ಇದ್ದರೆ ತವಾ ಫ್ರೈ ಮಾಡಿಸಿ. ಕಾಣೆಯ ಮಾಂಸ ಮೃದು, ರವೆಯ ಹೊದಿಕೆ ಅದನ್ನು ಒಡೆಯದಂತೆ ಹಿಡಿಯುತ್ತದೆ. ಬಂಗುಡೆಗೆ ತನ್ನದೇ ಎಣ್ಣೆಯಂಶ ಇರುವುದರಿಂದ ಮಸಾಲೆ ಸವರಿ ಕಾವಲಿಯಲ್ಲಿ ಬೇಯಿಸಿದರೆ ರುಚಿ. ಮಳಿ ಎಂಬ ಚಿಪ್ಪಿನ ಸುಕ್ಕ ಸಿಕ್ಕರೆ ಬಿಡಬೇಡಿ, ಆದರೆ ಬೆಂದ ಮೇಲೂ ಬಾಯಿ ತೆರೆಯದ ಚಿಪ್ಪನ್ನು ತಟ್ಟೆಯ ಅಂಚಿಗೆ ಸರಿಸಿ. ಮಕ್ಕಳಿಗೆ ಅನ್ನ ಕೇಳುವಾಗ "ಬೆಳ್ತಿಗೆ" (ಬಿಳಿ ಅಕ್ಕಿಯ ಅನ್ನ) ಎನ್ನಿ. ಇಲ್ಲದಿದ್ದರೆ ಕುಚ್ಚಲಕ್ಕಿ ಬರುತ್ತದೆ. ಸೋನಾ ಮಸೂರಿಗೆ ಒಗ್ಗಿದ ಮಕ್ಕಳು ಅರ್ಧಕ್ಕೇ ಏಳುತ್ತಾರೆ. ದೊಡ್ಡವರು ಕುಚ್ಚಲಕ್ಕಿಯನ್ನೇ ತಿನ್ನಿ, ಹುಳಿ-ಖಾರದ ಮೀನು ಸಾರಿಗೆ ಅದೇ ಜೋಡಿ.

ಅತ್ತೆಯವರಿಗೆ ಕೊರತೆಯಾಗುತ್ತದೆಂಬ ಚಿಂತೆ ಬೇಡ. ಬೆಳಗ್ಗೆ ನೀರುದೋಸೆ, ಬನ್ಸ್. ಮಧ್ಯಾಹ್ನ ಕುಂಭಾಶಿಯ ಆನೆಗುಡ್ಡೆ ವಿನಾಯಕ ದೇವಸ್ಥಾನದಲ್ಲಿ ಪ್ರಸಾದದ ಊಟ. ಇದು ಮಟ್ಟುಗುಳ್ಳದ ಕಾಲವೂ ಹೌದು. ಉಡುಪಿಯ ಮಟ್ಟು ಗ್ರಾಮದ, ಭೌಗೋಳಿಕ ಮಾನ್ಯತೆ ಪಡೆದ ಈ ಹಸಿರು ಬದನೆಯ ಸಿಪ್ಪೆ ತೆಳ್ಳಗೆ, ಮೈಮೇಲೆ ಬಿಳಿ ಗೀರು, ತೊಟ್ಟಿನಲ್ಲಿ ಮುಳ್ಳು. ಬೇಗ ಬೆಂದು ಕರಗಿಬಿಡುವುದರಿಂದ ನಮ್ಮ ವಾಂಗೀಬಾತಿಗೆ ಹೊಂದದು. ತೊಗರಿಬೇಳೆ ಬೇಯಿಸಿ, ತೆಂಗಿನಕಾಯಿ ಹಾಕದೆ, ಹಸಿಮೆಣಸು, ಹುಣಸೆ, ಬೆಲ್ಲ, ಇಂಗಿನ ಒಗ್ಗರಣೆಯ ಬೋಳು ಹುಳಿಗೆ ಅದು ಹೇಳಿ ಮಾಡಿಸಿದ್ದು. ಒಂದೆರಡು ಕೆಜಿ ತನ್ನಿ, ರೈಲಿನಲ್ಲಿ ಕೆಡುವುದಿಲ್ಲ.

ಉಡುಪಿಗೆ ಹೋಗುವಿರಾದರೆ ದಿನಾಂಕ ನೋಡಿಕೊಳ್ಳಿ. ಸಂಕ್ರಾಂತಿ ಆಸುಪಾಸಿನಲ್ಲಿ ಕೃಷ್ಣಮಠದ ಸಪ್ತೋತ್ಸವ, ಸಮಸಂಖ್ಯೆಯ ವರ್ಷಗಳಲ್ಲಿ ಜನವರಿ 18ಕ್ಕೆ ಪರ್ಯಾಯ, ಅಂದರೆ ಕೃಷ್ಣಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ಆಗ ರೂಮು ಸಿಗುವುದು ಕಷ್ಟ. ರಾತ್ರಿ ಹೊತ್ತು ಕುಂದಾಪುರದ ಸುತ್ತ ಎಲ್ಲಾದರೂ ಯಕ್ಷಗಾನ ಇದ್ದೇ ಇರುತ್ತದೆ. ಭಕ್ತರು ಹರಕೆ ತೀರಿಸಲು ಆಡಿಸುವ ಹರಕೆಯಾಟಕ್ಕೆ ಟಿಕೆಟ್ ಇಲ್ಲ, ಯಾರು ಬೇಕಾದರೂ ಹೋಗಿ ಕೂರಬಹುದು. ಬಯಲಲ್ಲಿ ಇಬ್ಬನಿ ಸುರಿಯುತ್ತದೆ, ತಲೆಗೆ ಶಾಲು ಇರಲಿ.

ಇನ್ನು ಮೀನು ತರುವ ಪ್ರಶ್ನೆ. ರೈಲಿನಲ್ಲಿ ಬೇಡ. ಮಂಜುಗಡ್ಡೆ ಕರಗಿದ ನೀರು ಬೋಗಿಯಲ್ಲಿ ಹರಿದರೆ ಸಹಪ್ರಯಾಣಿಕರಿಗೂ ಕಷ್ಟ, ನಿಮಗೂ ಮುಜುಗರ. ಕಾರಿನಲ್ಲಿ ಹೋಗುವುದಾದರೆ ಕ್ರಮ ಹೀಗೆ: ಹೊರಡುವ ದಿನವೇ ಬೆಳಗ್ಗೆ ಕೊಳ್ಳಿ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಿಂದ ಒತ್ತಿದ ಗುಳಿ ತಕ್ಷಣ ಮೇಲೇಳಬೇಕು. ಕರುಳು, ಕಿವಿರು ತೆಗೆಸಿ. ಮೊದಲು ಕೊಳೆಯುವುದು ಅವೇ. ಥರ್ಮೋಕೋಲ್ ಪೆಟ್ಟಿಗೆಯ ತಳಕ್ಕೆ ಪುಡಿ ಐಸ್, ಮೇಲೆ ಮೀನು, ಮತ್ತೆ ಐಸ್. ಒಂದು ಕೆಜಿ ಮೀನಿಗೆ ಒಂದು ಕೆಜಿ ಐಸ್‌ಗಿಂತ ಕಡಿಮೆ ಬೇಡ, ಕಡೆಯ ಪದರ ಐಸೇ ಆಗಿರಲಿ. ಕರಗಿದ ನೀರಲ್ಲಿ ಮೀನು ನೆನೆಯುತ್ತಾ ಇರಬಾರದು. ದಾರಿಯಲ್ಲಿ ಎರಡು ಸಲ ಬಸಿದು, ಐಸ್ ತುಂಬಿಸಿ. ಅಂಜಲ್ ಮೀನು ಈ ಪ್ರಯಾಣ ತಡೆಯುತ್ತದೆ. ಭೂತಾಯಿ ಮೀನು ತರಲೇಬೇಡಿ, ಎಣ್ಣೆಯಂಶ ಹೆಚ್ಚಿರುವುದರಿಂದ ಬೇಗ ಕಮಟುತ್ತದೆ. ಬಂಗುಡೆ ಬಿಸಿಲಿಗೆ ಸಿಕ್ಕರೆ ಅದರಲ್ಲಿ ಹಿಸ್ಟಮಿನ್ ಕೂಡುತ್ತದೆ, ಅದು ಕುದಿಸಿದರೂ ಹೋಗುವುದಿಲ್ಲ; ಮೈ ಕೆಂಪಾಗುವುದು, ತುರಿಕೆ, ತಲೆನೋವು ಅದರಿಂದಲೇ. ನಮ್ಮನ್ನು ಕೇಳಿದರೆ ಮೀನು ಅಲ್ಲೇ ತಿಂದು, ಮನೆಗೆ ಕುಚ್ಚಲಕ್ಕಿ, ಕೋರಿ ರೊಟ್ಟಿಯ ಪ್ಯಾಕೆಟ್, ಒಣಗಿಸಿದ ಪುನರ್ಪುಳಿ (ಕೋಕಂ) ತನ್ನಿ.

ಮನೆಯ ಕೆಲಸಕ್ಕೆ ಬರೋಣ. ಎಳ್ಳು-ಬೆಲ್ಲದ ತಯಾರಿ ಪ್ರವಾಸಕ್ಕೆ ಮೊದಲೇ ಮುಗಿಯಲಿ. ನಮ್ಮ ಮಂಡ್ಯದ ಮಾರುಕಟ್ಟೆಯಲ್ಲಿ ಅಚ್ಚು, ಕುರಿಕಾಲು, ಬಕೆಟ್, ಬಾಕ್ಸ್ ಎಂದು ಬೆಲ್ಲ ಬಗೆಬಗೆಯಾಗಿ ಬರುತ್ತದೆ. ಕತ್ತರಿಸಲು ಗಟ್ಟಿ ಅಚ್ಚು ಬೆಲ್ಲವೇ ಬೇಕು, ಮೆದು ಬೆಲ್ಲ ಅಡಕತ್ತರಿಗೆ ಅಂಟಿ ಪುಡಿಯಾಗುತ್ತದೆ. ತಿಳಿ ಹಳದಿ ಬಣ್ಣಕ್ಕೆ ಮರುಳಾಗಬೇಡಿ: ಅದು ಬಹುಪಾಲು ಹೈಡ್ರೋಸ್ ಎಂಬ ರಾಸಾಯನಿಕ ಹಾಕಿ ಬಿಳಿಚಿಸಿದ್ದು. ಸುಣ್ಣ, ಬೆಂಡೆಗಿಡದ ಲೋಳೆಯಿಂದ ಕೊಳೆ ತೆಗೆದ ಬೆಲ್ಲ ಕಂದು ಬಣ್ಣಕ್ಕಿರುತ್ತದೆ. ಬೆಲ್ಲ, ಕೊಬ್ಬರಿ ಕತ್ತರಿಸಿ ಎರಡು-ಮೂರು ದಿನ ತೆಳು ಬಟ್ಟೆ ಮುಚ್ಚಿ ಬಿಸಿಲಿಗಿಡಿ. ಕೊಬ್ಬರಿಯಲ್ಲಿ ಪಸೆ ಉಳಿದರೆ ಇಡೀ ಡಬ್ಬಿಗೆ ಮುಗ್ಗುಲು ವಾಸನೆ ಹಿಡಿಯುತ್ತದೆ. ಬೆಲ್ಲ, ಕೊಬ್ಬರಿ, ಹುರಿದ ಎಳ್ಳು, ಸಿಪ್ಪೆ ತೆಗೆದ ಕಡಲೆಬೀಜ, ಹುರಿಗಡಲೆ ಸಮಸಮ ಇರಲಿ, ಆದರೆ ಬೆರೆಸುವುದು ಬಂದ ಮೇಲೆ. ಕರಾವಳಿಗೆ ಡಬ್ಬಿ ಒಯ್ಯಬೇಡಿ. ಅಲ್ಲಿನ ತೇವಕ್ಕೆ ಒಂದೇ ರಾತ್ರಿಯಲ್ಲಿ ಬೆಲ್ಲ ನೀರೊಡೆಯುತ್ತದೆ.

ಅವರೆ ಮಾತ್ರ ವಾಪಸು ಬಂದ ಮೇಲೆ. ಇಬ್ಬನಿ ಬಿದ್ದಷ್ಟೂ ಕಾಯಿಗೆ ಸೊಗಡು. ಕೊಳ್ಳುವಾಗ ನಾಲ್ಕು ಕಾಯಿ ಅಂಗೈಯಲ್ಲಿ ಉಜ್ಜಿ ಮೂಸಿ ನೋಡಿ. ಜಿಡ್ಡೂ ಘಮವೂ ಕೈಗೆ ಹತ್ತಬೇಕು. ಬರೀ ಹಸಿರು ವಾಸನೆ ಬಂದರೆ ಮುಂದಿನ ಗುಡ್ಡೆಗೆ ಹೋಗಿ. ಒಂದು ಕೆಜಿ ಕಾಯಿಗೆ ಸಿಗುವುದು ಅರ್ಧ ಕೆಜಿಗಿಂತ ಕಡಿಮೆ ಕಾಳು. ಐವರಿಗೆ ಹಿತಕವರೆ ಸಾರು ಮಾಡಲು ಎರಡು ಕೆಜಿ ಕಾಯಿ ಬೇಕು. ಹಿತುಕಲು ಬಲಿತ ಕಾಳು ಆರಿಸಿ. ಎಳೆಯದು ಬೆರಳಲ್ಲೇ ಒಡೆಯುತ್ತದೆ, ಅದನ್ನು ಉಪ್ಪಿಟ್ಟಿಗೆ ಇಡಿ. ರಾತ್ರಿ ನೆನೆಹಾಕಿ ಬೆಳಗ್ಗೆಯೇ ಹಿತುಕಿ. ಮಧ್ಯಾಹ್ನದವರೆಗೆ ಬಿಟ್ಟರೆ ನೊರೆ ಬಂದು ಹುಳಿ ವಾಸನೆ ಕಟ್ಟುತ್ತದೆ.

ಬೇಳೆಯನ್ನು ಕುಕ್ಕರಿಗೆ ಹಾಕಬೇಡಿ, ಒಂದು ಕೂಗಿಗೇ ಗಂಜಿಯಾಗುತ್ತದೆ. ತೆರೆದ ಪಾತ್ರೆಯಲ್ಲಿ, ಬೇಳೆ ಮುಳುಗಿ ಎರಡು ಬೆರಳು ಮೇಲೆ ನಿಲ್ಲುವಷ್ಟು ನೀರಲ್ಲಿ ಹತ್ತು-ಹನ್ನೆರಡು ನಿಮಿಷ ಸಾಕು. ಟೊಮೇಟೊ, ಹುಣಸೆ ಮೊದಲೇ ಸೇರಿದರೆ ಬೇಳೆ ಗಟ್ಟಿಯಾಗೇ ಉಳಿಯುತ್ತದೆ. ಬೇಳೆ ಎರಡು ಬೆರಳ ನಡುವೆ ಮೆತ್ತಗೆ ಒಡೆಯುವಂತಾದ ಮೇಲೆ ರುಬ್ಬಿದ ಮಸಾಲೆ ಹಾಕಿ: ಅರ್ಧ ಹೋಳು ತೆಂಗಿನಕಾಯಿ, ಹುರಿದ ಈರುಳ್ಳಿ ಒಂದು, ಬೆಳ್ಳುಳ್ಳಿ ಆರೇಳು ಎಸಳು, ಒಂದಿಂಚು ಶುಂಠಿ, ಚಕ್ಕೆ ಒಂದು ಚೂರು, ಲವಂಗ ಎರಡು, ಕೊತ್ತಂಬರಿ ಸೊಪ್ಪು, ಸಾರಿನ ಪುಡಿ ಎರಡು ಚಮಚ. ಚಕ್ಕೆ-ಲವಂಗ ಇದಕ್ಕಿಂತ ಹೆಚ್ಚಾದರೆ ಸೊಗಡು ಮುಚ್ಚಿಹೋಗುತ್ತದೆ. ಹುಳಿ ಕೊನೆಗೆ, ಎರಡು ಕುದಿ ಬಂದ ಕೂಡಲೇ ಇಳಿಸಿ. ಧನುರ್ಮಾಸ ಮುಗಿಯುವ ತನಕ ಅತ್ತೆಯವರು ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಡುವವರಾದರೆ ಅವೆರಡನ್ನೂ ಕೈಬಿಟ್ಟು ಇಂಗಿನ ಒಗ್ಗರಣೆ ಕೊಡಿ. ಉಳಿದ ಬೇಳೆಯನ್ನು ನೀರು ಆರಿಸಿ, ಒಂದೊಂದು ಸಲಕ್ಕೆ ಬೇಕಾದಷ್ಟನ್ನು ಕವರಿಗೆ ತುಂಬಿ ಫ್ರೀಜರಿಗೆ ಹಾಕಬಹುದು. ಕರಗಿಸುವ ಅಗತ್ಯವಿಲ್ಲ, ಕುದಿಯುವ ನೀರಿಗೆ ನೇರವಾಗಿ ಹಾಕಿ.