ಕತ್ತು ಹಿಂದಕ್ಕೆ ಬಾಗಿಸಿದರೆ ಹೆಬ್ಬೆರಳಿನವರೆಗೆ ಜೋಮು: ತಲೆ ಒತ್ತಿ ನೋಡಬಹುದಾ?

ಜೋಮು ಯಾಕೆಂದು ತಿಳಿಯಲು ತಮ್ಮನ ಕೈಲಿ ತಲೆ ಒತ್ತಿಸಿ ನೋಡಬಹುದಾ ಎಂದು ಕೇಳಿದ್ದೀರಿ. ನೀವು ಹೇಳಿದ ಹಾಗೆ ಕತ್ತು ಹಿಂದಕ್ಕೆ ಬಾಗಿಸಿದಾಗ ಬಲಗೈ ಹೆಬ್ಬೆರಳು, ತೋರುಬೆರಳಿಗೆ ಜೋಮು ಇಳಿಯುತ್ತಿದ್ದರೆ, ಕತ್ತಿನಲ್ಲಿ ಸಿ6 ನರದ (ಬೆನ್ನುಹುರಿಯಿಂದ ಹೊರಡುವ ಕತ್ತಿನ ಆರನೇ ನರ) ಬೇರು ಒತ್ತಿಕೊಂಡಿರುವ ಸಾಧ್ಯತೆ ಜಾಸ್ತಿ. ಮಣಿಕಟ್ಟಿನಲ್ಲಿ ನರ ಒತ್ತಿದರೂ ಇದೇ ಬೆರಳುಗಳು ಜೋಮು ಹಿಡಿಯುತ್ತವೆ. ಆದರೆ ಅದು ಸಾಮಾನ್ಯವಾಗಿ ಕತ್ತು ಆಡಿಸಿದ್ದಕ್ಕೆ ಹೆಚ್ಚಾಗುವುದಿಲ್ಲ.

ತಮ್ಮನ ಕೈಲಿ ತಲೆ ಒತ್ತಿಸಿಕೊಳ್ಳಬೇಡಿ. ಅದು ಸ್ಪರ್ಲಿಂಗ್ ಪರೀಕ್ಷೆ (ಕತ್ತನ್ನು ನೋವಿನ ಕಡೆಗೆ ಬಾಗಿಸಿ ತಲೆಯನ್ನು ಮೇಲಿನಿಂದ ಒತ್ತಿ ನೋಡುವುದು), ಗೊತ್ತಿರುವವರೇ ಮಾಡಬೇಕು.

ಮನೆಯಲ್ಲಿ ಇಷ್ಟು ನೋಡಿ. ನೋವಿರುವಾಗ ಬಲ ಅಂಗೈಯನ್ನು ನೆತ್ತಿಯ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತಿರಿ. ನೋವು ಇಳಿದರೆ ಕತ್ತಿನ ನರದ ಮೇಲೇ ಅನುಮಾನ. ಇಳಿಯದಿದ್ದರೆ ಏನನ್ನೂ ಹೇಳಲಾಗದು.

ಆಮೇಲೆ ಫಿಸಿಯೋ ಅಥವಾ ಮೂಳೆ ಡಾಕ್ಟರ ಹತ್ತಿರ ಹೋಗಿ. ನಾನು ಪರೀಕ್ಷೆ ಮಾಡುವಾಗ ನಾಲ್ಕನ್ನು ಒಟ್ಟಿಗೆ ನೋಡುತ್ತೇನೆ: ಸ್ಪರ್ಲಿಂಗ್, ತಲೆಯನ್ನು ಮೆಲ್ಲಗೆ ಮೇಲಕ್ಕೆಳೆದಾಗ ಆರಾಮಾಗುತ್ತದಾ, ನೋವಿನ ಕಡೆಗೆ ಕತ್ತು 60 ಡಿಗ್ರಿಗಿಂತ ಕಡಿಮೆ ತಿರುಗುತ್ತದಾ, ತೋಳು ಚಾಚಿಸಿ ನರ ಎಳೆದಾಗ ಅದೇ ನೋವು ಬರುತ್ತದಾ. ಈ ಕೊನೆಯದರಲ್ಲಿ ಏನೂ ಆಗದಿದ್ದರೆ ನರದ ತೊಂದರೆ ಇರುವುದು ಕಡಿಮೆ. ನಾಲ್ಕೂ ಹೊಂದಿದರೆ ಬಹುತೇಕ ಖಚಿತ. ಜೊತೆಗೆ ಮೊಣಕೈ ಮಡಚುವ ಬಲವನ್ನೂ ನೋಡಲು ಹೇಳಿ.

ಎರಡೂ ಕೈ ಜೋಮು, ಅಂಗಿ ಗುಂಡಿ ಹಾಕಲು ಕಷ್ಟ, ನಡೆಯುವಾಗ ತೂರಾಟ, ಮೂತ್ರದ ಹಿಡಿತ ತಪ್ಪುವುದು, ಕೈಬಲ ದಿನದಿನಕ್ಕೂ ಕುಗ್ಗುವುದು: ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.