ಅರ್ಧಕ್ಕೆ ನಿಂತ ಆಟಗಳನ್ನು ಮುಗಿಸುವುದು ಹೇಗೆ?

ಪ್ರಶ್ನೆ: ರಿಯಾಯಿತಿ ಇದ್ದಾಗಲೆಲ್ಲ ಸ್ಟೀಮ್ ಎಂಬ ಆನ್‌ಲೈನ್ ಮಳಿಗೆಯಲ್ಲಿ ಕೊಂಡ ವಿಡಿಯೊ ಗೇಮ್‌ಗಳಲ್ಲಿ ಹೆಚ್ಚಿನವು ಅರ್ಧಕ್ಕೇ ನಿಂತಿವೆ. ‘ದಿ ವಿಚರ್ 3’ ಬಿಟ್ಟು ವರ್ಷವಾಯಿತು. ಕೆಲಸದ ನಂತರ ಸಿಗುವುದು ರಾತ್ರಿಯ ಒಂದು ಗಂಟೆ. ಎಲ್ಲಿಂದ ಆರಂಭಿಸಲಿ?
– ಓದುಗರು, ಸೇಡಂ ರಸ್ತೆ, ಕಲಬುರಗಿ

ಉತ್ತರ: ದಯವಿಟ್ಟು ‘ದಿ ವಿಚರ್ 3’ರಿಂದ ಆರಂಭಿಸಬೇಡಿ. ಪೋಲೆಂಡ್‌ನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆ 2015ರಲ್ಲಿ ಹೊರತಂದ ಆ ಆಟದ ಮುಖ್ಯ ಕಥೆಯೊಂದೇ ಸುಮಾರು 50 ಗಂಟೆ ಬೇಡುವುದರಿಂದ, ನಿಮ್ಮ ಬಿಡುವಿನ ಲೆಕ್ಕದಲ್ಲಿ ಅದಕ್ಕೆ ಎರಡು ತಿಂಗಳ ಹತ್ತಿರ ಹಿಡಿಯುತ್ತದೆ. ‘ಪೋರ್ಟಲ್’ (2007) ಅಥವಾ ‘ಇನ್‌ಸೈಡ್’ (2016) ನಿಮ್ಮ ಸಂಗ್ರಹದಲ್ಲಿದ್ದರೆ ಮೊದಲು ಅವನ್ನು ಆಡಿ. ಮೂರು-ನಾಲ್ಕು ರಾತ್ರಿಗಳಲ್ಲಿ ಒಂದು ಆಟದ ಕೊನೆ ಕಾಣುವ ತೃಪ್ತಿಯೇ ಮುಂದಿನದಕ್ಕೆ ಹುಮ್ಮಸ್ಸು ನೀಡುತ್ತದೆ.

ಬಹುಕಾಲದ ನಂತರ ಹಳೆಯ ಆಟಕ್ಕೆ ಮರಳಿದವರನ್ನು ಹೆಚ್ಚು ಕಾಡುವುದು ಕಥೆಯ ಮರೆವಲ್ಲ, ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂಬುದರ ಮರೆವು. ‘ದಿ ವಿಚರ್ 3’ರಲ್ಲಿ ಉಳಿಸಿಟ್ಟ ಆಟ ತೆರೆದುಕೊಳ್ಳುವಾಗ ಹಿಂದಿನ ಕಥೆಯ ಸಾರಾಂಶ ಬರುತ್ತದೆ, ಕೈಗೆ ಅಭ್ಯಾಸ ಮರಳಲು ಮಾತ್ರ ಒಂದೆರಡು ಚಿಕ್ಕ ಉಪಕಥೆಗಳನ್ನು ಆಡಿ, ಆಮೇಲೆ ಮುಖ್ಯ ಕಥೆಗೆ ಹೋಗಿ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮೂರಿನಲ್ಲಿ ಫ್ರೇಮ್ ದರವನ್ನು (ಪರದೆಯ ಮೇಲೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) 60 ಅಥವಾ 30ಕ್ಕೆ ಮಿತಗೊಳಿಸಿದರೆ, ಆ ಚಿತ್ರಗಳನ್ನು ರೂಪಿಸುವ ಗ್ರಾಫಿಕ್ಸ್ ಕಾರ್ಡ್ ಅಷ್ಟಾಗಿ ಬಿಸಿಯಾಗುವುದಿಲ್ಲ.

ಹಿಡಿಸದ ಆಟವನ್ನು ಮುಗಿಸಲೇಬೇಕೆಂಬ ಹಟ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಕೊಂಡು 14 ದಿನ ಕಳೆಯದಿದ್ದು, ಆಡಿದ್ದು 2 ಗಂಟೆಗಿಂತ ಕಡಿಮೆಯಿದ್ದರೆ ಸ್ಟೀಮ್ ಹಣ ಹಿಂದಿರುಗಿಸುತ್ತದೆ.